ಬಚ್ಚಲ ನೀರಿಗೆ ನುಗ್ಗೆ ಬೀಜ: ನನ್ನ ಅನುಭವ

ಶಿರಸಿ ಕಡೆ ಮಳೆಗಾಲದಲ್ಲಿ ಎಷ್ಟೇ ಸುರಿಯಲಿ, ಏಪ್ರಿಲ್ ಹೊತ್ತಿಗೆ ನಮ್ಮ ಬಾವಿಯ ತಳ ಕಾಣುತ್ತದೆ. ಹಾಗಾಗಿ ಬಚ್ಚಲು ಮತ್ತು ಪಾತ್ರೆ ತೊಳೆಯುವ ಕಟ್ಟೆಯ ನೀರನ್ನು ಅಡಿಕೆ ಸಸಿಗೆ ಡ್ರಿಪ್‌ನಲ್ಲಿ ಬಿಡುತ್ತೇನೆ. ಆದರೆ ಆ ನೀರಿನ ಮಣ್ಣು, ಗಂಜಿ ಸೇರಿ ಡ್ರಿಪ್‌ನ ತೂತು ಕಟ್ಟಿಕೊಳ್ಳುತ್ತದೆ.

ಪಟಿಕ ಹಾಕಿದರೆ ತಿಳಿಯಾಗುತ್ತದೆ, ನಿಜ. ಆದರೆ ಅದು ನೀರಿನ ಹುಳಿ ಹೆಚ್ಚಿಸುತ್ತದೆ, ನಮ್ಮ ಕೆಂಪು ಮಣ್ಣು ಮೊದಲೇ ಹುಳಿ. ಗಸಿಯಲ್ಲಿ ಅಲ್ಯೂಮಿನಿಯಂ ಬೇರೆ. ಅದನ್ನು ಗೊಬ್ಬರದ ಗುಂಡಿಗೆ ಹಾಕಲು ನನಗೆ ಮನಸ್ಸಿಲ್ಲ. ಅದಕ್ಕೇ ನುಗ್ಗೆ ಬೀಜ.

ಮರದಲ್ಲೇ ಒಣಗಿ ಕಂದಾದ ಕಾಯಿಯ ಬೀಜವೇ ಆಗಬೇಕು. ಹುಳಿಗೆ ಹಾಕುವ ಎಳೆ ಕಾಯಿಯದ್ದು ನಡೆಯುವುದಿಲ್ಲ. ಬೀಜದ ರೆಕ್ಕೆ, ಸಿಪ್ಪೆ ಸುಲಿದರೆ ಒಳಗೆ ಬಿಳಿ ತಿರುಳು. ಕಪ್ಪಾಗಿದ್ದರೆ ಬಿಸಾಡುತ್ತೇನೆ. ಒರಳಲ್ಲಿ ನುಣ್ಣಗೆ ಕುಟ್ಟಿ, ಒಂದು ಚೊಂಬು ನೀರಲ್ಲಿ ಚೆನ್ನಾಗಿ ಕದಡಿ, ಹಳೇ ಪಂಚೆಯಲ್ಲಿ ಸೋಸುತ್ತೇನೆ. ಈ ಬೆಳ್ಳಗಿನ ನೀರನ್ನು ಅವತ್ತೇ ಬಚ್ಚಲ ನೀರಿಗೆ ಸುರಿಯಬೇಕು, ಇಟ್ಟರೆ ಶಕ್ತಿ ಹೋಗುತ್ತದೆ.

ತುಂಬಾ ರಾಡಿ ಇದ್ದರೆ ಲೀಟರಿಗೆ ಒಂದು ಬೀಜ. ಮನೆಮನೆಗೂ ನೀರು ಬೇರೆ, ಹಾಗಾಗಿ ಮೊದಲು ಮೂರು ಬಾಟಲಿಯಲ್ಲಿ ಅರ್ಧ, ಒಂದು, ಎರಡು ಬೀಜದ ಲೆಕ್ಕದಲ್ಲಿ ಹಾಕಿ ನೋಡಿ. ಜಾಸ್ತಿ ಹಾಕಿದರೆ ಜಾಸ್ತಿ ತಿಳಿಯಾಗುತ್ತದೆ ಅಂತೇನಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಕಲಕುವಲ್ಲಿ. ಬೀಜದ ಪ್ರೋಟೀನಿಗೆ ಧನ ವಿದ್ಯುದಂಶ, ಮಣ್ಣಿನ ಕಣಕ್ಕೆ ಋಣ. ಎರಡೂ ಅಂಟಿಕೊಂಡರೆ ಕಣಗಳು ಒಂದನ್ನೊಂದು ದೂಡುವುದು ನಿಲ್ಲುತ್ತದೆ. ಮೊದಲ ಒಂದು ನಿಮಿಷ ಜೋರಾಗಿ ಕಲಕಿ, ಎಲ್ಲ ಕಡೆ ಬೆರೆಯಲಿ. ಆಮೇಲೆ ಹತ್ತು ಹದಿನೈದು ನಿಮಿಷ ತೀರಾ ನಿಧಾನ. ಆಗ ಹತ್ತಿಯ ಎಳೆಯಂಥ ಚೂರುಗಳು ಕಾಣಿಸಿ, ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಅವಸರದಲ್ಲಿ ಜೋರಾಗಿ ತಿರುವಿದರೆ ಎಲ್ಲ ಒಡೆದುಹೋಗುತ್ತದೆ. ಮತ್ತೆ ಒಂದೆರಡು ಗಂಟೆ ಸುಮ್ನೆ ಬಿಡಬೇಕು, ಅಲುಗಾಡಿಸಬಾರದು. ಗಸಿ ಕೂತ ಮೇಲೆ ಪೈಪಿನಲ್ಲಿ ಮೇಲಿನ ತಿಳಿಯನ್ನಷ್ಟೇ ಇಳಿಸಿಕೊಳ್ಳುತ್ತೇನೆ.

ಚಿಲ್ಲ ಮರದ ಬೀಜವನ್ನು ಮಡಕೆಯ ಒಳಗೋಡೆಗೆ ತೇಯ್ದು ನೀರು ತಿಳಿ ಮಾಡುವುದು ನಮ್ಮಲ್ಲಿ ಹಳೇ ಪದ್ಧತಿ ಅಲ್ವಾ? ಅದೂ ಒಳ್ಳೆಯದೇ. ಆದರೆ ಬಚ್ಚಲ ನೀರಿನಷ್ಟು ದೊಡ್ಡ ಲೆಕ್ಕಕ್ಕೆ ಹಿತ್ತಲಲ್ಲೇ ಸಿಗುವ ನುಗ್ಗೆಯೇ ಅನುಕೂಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತಿಳಿ ಕಂಡಿತು ಅಂತ ಈ ನೀರನ್ನು ಕುಡಿಯಬೇಡಿ, ಸೊಪ್ಪಿನ ಮೇಲೂ ಚಿಮುಕಿಸಬೇಡಿ. ರೋಗಾಣು ಪೂರ್ತಿ ಹೋಗಿರುವುದಿಲ್ಲ, ಕರಗಿದ ಉಪ್ಪಂತೂ ಹಾಗೇ ಇರುತ್ತದೆ. ಬೀಜದ ಅಂಶ ಉಳಿಯುವುದರಿಂದ ಇಟ್ಟ ನೀರು ಬೇಗ ನಾರುತ್ತದೆ. ನಾನು ಅದೇ ಸಂಜೆ ಸಸಿಯ ಬುಡಕ್ಕೆ ಬಿಡುತ್ತೇನೆ, ಗಸಿ ಗೊಬ್ಬರದ ಗುಂಡಿಗೆ.