ಲ್ಯಾಬ್ ಕೆಲಸ ಹೋದರೆ ಮೊದಲು ರೆಸ್ಯೂಮೆ ಬಿಡಿಸಿ ಬರೆಯಿರಿ

ಆಫೀಸ್ ಇಮೇಲ್ ಬಂದ್ ಆಗುವ ಮೊದಲೇ ಮ್ಯಾನೇಜರ್, ಸಹೋದ್ಯೋಗಿಗಳ ಸ್ವಂತ ನಂಬರ್ ಕೇಳಿ ಇಟ್ಟುಕೊಳ್ಳಿ, ರೆಫರೆನ್ಸ್‌ಗೆ ಬೇಕಾಗುತ್ತೆ. ಲ್ಯಾಬ್ ನೋಟ್‌ಬುಕ್, ಡೇಟಾ ಮಾತ್ರ ಕಾಪಿ ಮಾಡಬೇಡಿ, ಅವು ಸಂಸ್ಥೆಯ ಸ್ವತ್ತು.

ರೆಸ್ಯೂಮೆಯಲ್ಲಿ ಬರೀ "ಎಚ್‌ಪಿಎಲ್‌ಸಿ ಗೊತ್ತು" ಅಂದರೆ ಸಾಲದು (ಎಚ್‌ಪಿಎಲ್‌ಸಿ ಅಂದರೆ ದ್ರಾವಣದಲ್ಲಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ). ಯಾವ ಡಿಟೆಕ್ಟರ್, ಯಾವ ಸಾಫ್ಟ್‌ವೇರ್, ಮೆಥಡ್ ನೀವೇ ಡೆವಲಪ್ ಮಾಡಿದ್ದೋ, ವ್ಯಾಲಿಡೇಟ್ ಮಾಡಿದ್ದೋ, ಇಲ್ಲ ಸ್ಯಾಂಪಲ್ ಓಡಿಸಿದ್ದಷ್ಟೆಯೋ, ಬಿಡಿಸಿ ಬರೆಯಿರಿ. ಪೀಕ್ ಟೇಲಿಂಗ್ (ಗ್ರಾಫ್‌ನ ಪೀಕ್ ಬಾಲದಂತೆ ಎಳೆದುಕೊಳ್ಳುವುದು) ಬಂದಾಗ, ರಾಸಾಯನಿಕ ಬೇರ್ಪಡಿಸುವ ಕೊಳವೆ ಅಂದರೆ ಕಾಲಮ್ ಹಾಳಾಗಿದೆಯೋ, ಅದರೊಳಗೆ ಹರಿಯುವ ದ್ರವ ಅಂದರೆ ಮೊಬೈಲ್ ಫೇಸ್‌ನ ಪಿಎಚ್ ತಪ್ಪಿದೆಯೋ ಎಂದು ಹುಡುಕಿ ಸರಿಪಡಿಸಿದ್ದರೆ ಅದನ್ನೇ ಮೇಲೆ ಹಾಕಿ. ಒಳ್ಳೆಯ ಇಂಟರ್‌ವ್ಯೂನಲ್ಲಿ ಕೆದಕಿ ಕೇಳುವುದು ಅದನ್ನೇ.

ಸಂಶೋಧನಾ ಹುದ್ದೆಗಳನ್ನಷ್ಟೇ ಹುಡುಕುತ್ತಾ ಕೂರಬೇಡಿ. ಕ್ವಾಲಿಟಿ ಕಂಟ್ರೋಲ್, ರೆಗ್ಯುಲೇಟರಿ ಅಫೇರ್ಸ್ (ಸರ್ಕಾರಿ ಅನುಮತಿ, ನಿಯಮಗಳ ಕೆಲಸ), ಉಪಕರಣ ತಯಾರಕರಲ್ಲಿ ಅಪ್ಲಿಕೇಶನ್ ಸೈಂಟಿಸ್ಟ್ (ಉಪಕರಣ ಬಳಸಲು ಗ್ರಾಹಕರಿಗೆ ನೆರವಾಗುವವರು), ಎಲ್ಲಕ್ಕೂ ಈ ಅನುಭವ ಒದಗುತ್ತೆ.