ಗಾಣದ ಅಳತೆಗೆ ತಕ್ಕ ಪ್ರಚಾರ

ಧಾರವಾಡದಲ್ಲಿ ನಮ್ಮದು ಒಂದೇ ಒಂದು ಮರದ ಗಾಣ. ಎತ್ತು ಇಲ್ಲ, ಮೋಟಾರು ತಿರುಗಿಸುತ್ತದೆ. ಶೇಂಗಾ, ಕುಸುಬೆ ಎರಡರದೂ ಎಣ್ಣೆ ತೆಗೆಯುತ್ತೇವೆ. ಗಾಣ ಹಾಕಿದ ಹೊಸದರಲ್ಲಿ ಪ್ರಚಾರಕ್ಕೆ ಬೇರೆಯವರನ್ನು ಇಡುವಷ್ಟು ದುಡ್ಡಿರಲಿಲ್ಲ, ನಾನೇ ಮಾಡಬೇಕಿತ್ತು. ಆರು ತಿಂಗಳು ಮಾಡಲೇ ಇಲ್ಲ. ‘ನಮ್ಮ ಎಣ್ಣೆ ಒಳ್ಳೆಯದು’ ಎಂದು ನಾನೇ ಹೇಳಿಕೊಂಡು ತಿರುಗುವುದು ಹೇಗೆ ಎಂಬ ಸಂಕೋಚ. ಹೋಳಿಗೆ ಎಷ್ಟೇ ಚೆನ್ನಾಗಿ ಆಗಿದ್ದರೂ ‘ಏನೋ ಒಂದಿಷ್ಟು ಮಾಡಿದ್ದೇನೆ, ಊಟ ಮಾಡಿ’ ಎಂದು ಬಡಿಸುವ ಮನೆಯಲ್ಲಿ ಬೆಳೆದವಳು ನಾನು.

ಆ ಸಂಕೋಚ ಬಿಡಿಸಿದ್ದು ಒಬ್ಬ ಅಜ್ಜಿ. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಮಳಿಗೆ ಹಾಕಿದ್ದೆ. ಅವರು ಅಂಗೈಗೆ ನಾಲ್ಕು ಹನಿ ಎಣ್ಣೆ ಹಾಕಿಸಿಕೊಂಡು, ಉಜ್ಜಿ, ಮೂಸಿ ನೋಡಿ ದರ ಕೇಳಿದರು. ಹೇಳಿದೆ.

“ಯವ್ವಾ, ಇದರೊಳಗೆ ಬಂಗಾರ ಹಾಕಿರುವೆಯೇನು?”

ನನಗೆ ರೇಗಿತು. “ಅಜ್ಜಿ, ಎರಡೂವರೆ ಕಿಲೋ ಶೇಂಗಾ ಬೀಜ ಹಾಕಿದರೆ ಒಂದು ಲೀಟರ್ ಬರುತ್ತದೆ. ಸಂತೆಯಲ್ಲಿ ಬೀಜದ ದರ ನಿಮಗೆ ಗೊತ್ತು. ಲೆಕ್ಕ ನೀವೇ ಹಾಕಿ” ಎಂದೆ. ಬೆರಳಿನ ಗೆಣ್ಣು ಎಣಿಸುತ್ತಾ ಲೆಕ್ಕ ಹಾಕಿದರು. “ಮತ್ತೆ ಅಂಗಡಿಯ ಪಾಕೀಟು ಅಷ್ಟು ಅಗ್ಗ ಹೇಗೆ?” ಎಂದರು. ದೊಡ್ಡ ಕಾರ್ಖಾನೆಗಳಲ್ಲಿ ದ್ರಾವಕ ಹಾಕಿ ಹಿಂಡಿಯಲ್ಲಿ ಉಳಿದದ್ದನ್ನೂ ತೆಗೆಯುತ್ತಾರೆ, ನಮ್ಮ ಹಿಂಡಿಯಲ್ಲಿ ಉಳಿದ ಎಣ್ಣೆ ಎಮ್ಮೆಯ ಪಾಲು ಎಂದೆ. ಅಜ್ಜಿ ನಕ್ಕು ಅರ್ಧ ಲೀಟರ್ ಒಯ್ದರು. ಮರುದಿನ ‘ಎರಡೂವರೆ ಕಿಲೋ ಬೀಜ, ಒಂದು ಲೀಟರ್ ಎಣ್ಣೆ’ ಎಂದು ರಟ್ಟಿನ ಮೇಲೆ ಬರೆದು, ಅಷ್ಟೇ ಬೀಜವನ್ನು ಬುಟ್ಟಿಯಲ್ಲಿಟ್ಟು ಪಕ್ಕದಲ್ಲಿ ಬಾಟಲಿ ಇಟ್ಟೆ. ಹೊಗಳಿಕೊಳ್ಳುವ ಕೆಲಸವೇ ಉಳಿಯಲಿಲ್ಲ. ಬಂದವರು ಕೇಳುತ್ತಿದ್ದರು, ನಾನು ಲೆಕ್ಕ ಒಪ್ಪಿಸುತ್ತಿದ್ದೆ.

ಧೈರ್ಯ ಬಂದದ್ದೇ ತಡ, ದುರಾಸೆಯೂ ಬಂತು. ಸಾಮಾಜಿಕ ಜಾಲತಾಣದಲ್ಲಿ ಹತ್ತು ಸಾವಿರ ಜನ ಹಿಂಬಾಲಕರಾಗಬೇಕು ಎಂದು ಡೈರಿಯಲ್ಲಿ ಬರೆದುಕೊಂಡೆ. ಏಕೆ ಹತ್ತು ಸಾವಿರ? ಗುಂಡಾದ ಸಂಖ್ಯೆ, ಅಷ್ಟೇ. ಯಾರೋ ಬಂದು ಗಾಣದ 40 ಸೆಕೆಂಡಿನ ವಿಡಿಯೊ ಮಾಡಿ ಹಾಕಿದರು. ಎರಡೇ ದಿನದಲ್ಲಿ 280 ಲೀಟರ್‌ಗೆ ಬೇಡಿಕೆ ಬಂತು. ಎಲ್ಲರಿಗೂ ಹೂಂ ಎಂದೆ. ಹಿಂಡಿದ ಎಣ್ಣೆ ತಿಳಿಯಾಗಲು ಎರಡು ಮೂರು ದಿನ ಬೇಕು, ಅಷ್ಟು ತಾಳ್ಮೆ ಯಾರಿಗಿತ್ತು? ಗಸಿ ಇದ್ದ ಹಾಗೆಯೇ ತುಂಬಿಸಿ ಕಳುಹಿಸಿದೆ. ದಾರಿಯಲ್ಲಿ ಎಂಟು ಬಾಟಲಿ ಸೋರಿದವು. ಹೊಸಬರು ಬೈದರು, ಹಳಬರು ಎಣ್ಣೆ ಸಿಗದೆ ಬೇರೆ ಅಂಗಡಿ ಹುಡುಕಿಕೊಂಡರು. ಮೊದಲ ತಿಂಗಳಿಂದ ಒಯ್ಯುತ್ತಿದ್ದ ಮೇಷ್ಟರೊಬ್ಬರು ಖಾಲಿ ಕ್ಯಾನು ಹಿಡಿದು ಬಂದು, ಏನೂ ಅನ್ನದೆ ಹಾಗೆಯೇ ಮರಳಿದರು. ಬೈದವರಿಗಿಂತ ಅವರೇ ಹೆಚ್ಚು ನೆನಪಿನಲ್ಲಿದ್ದಾರೆ.

ಆ ರಾತ್ರಿ ಡೈರಿಯ ಪುಟ ಹರಿದು, ಗಾಣದಿಂದ ಲೆಕ್ಕ ಶುರುಮಾಡಿದೆ. ಒಂದು ಸಲಕ್ಕೆ 12 ಕಿಲೋ ಬೀಜ, ದಿನಕ್ಕೆ ನಾಲ್ಕು ಸಲ. ಶೇಂಗಾ ಹಾಕಿದ ದಿನ 18–19 ಲೀಟರ್, ಕುಸುಬೆಗೆ ಅದಕ್ಕಿಂತ ಕಡಿಮೆ. ಹಬ್ಬ, ಕರೆಂಟು ಹೋದ ದಿನ, ನನ್ನ ಬೆನ್ನುನೋವು ಎಲ್ಲ ಕಳೆದರೆ ತಿಂಗಳಿಗೆ 330 ಲೀಟರ್. ಮನೆಗೆ ಮೂರು ಲೀಟರ್ ಹಿಡಿದರೆ 110 ಮನೆ. ನನ್ನ ಗುರಿ ಅಷ್ಟೇ: ಪ್ರತಿ ತಿಂಗಳೂ ಮರಳಿ ಬರುವ 110 ಮನೆ.

ಗುರಿ ಚಿಕ್ಕದಾದ ಮೇಲೆ ಕೆಲಸ ಸ್ಪಷ್ಟವಾಯಿತು. ಒಂದೇ ಸಂದೇಶವನ್ನು ಒಮ್ಮೆಗೇ ಎಲ್ಲರಿಗೂ ಬೇರೆಬೇರೆಯಾಗಿ ಕಳುಹಿಸುವ ವಾಟ್ಸ್‌ಆ್ಯಪ್‌ನ ಪ್ರಸಾರ ಪಟ್ಟಿಯಲ್ಲಿ (ಬ್ರಾಡ್‌ಕಾಸ್ಟ್ ಲಿಸ್ಟ್) 256 ಜನರನ್ನು ಸೇರಿಸಬಹುದು, ನನಗೆ ಧಾರಾಳವಾಯಿತು. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇದು ತಿಳಿಯದೆ ಮೂರು ತಿಂಗಳು ಗಾಳಿಗೆ ಮಾತಾಡಿದ್ದೆ. ಈಗ ಬಾಟಲಿ ಕೊಡುವಾಗ ಎದುರಿಗೇ ನಿಂತು ನಂಬರ್ ಉಳಿಸಿಕೊಳ್ಳಲು ಹೇಳುತ್ತೇನೆ.

ಸ್ಥಳೀಯ ವರದಿಗಾರರೊಬ್ಬರಿಗೆ ಮೊದಲ ಸಲ ಫೋನ್ ಮಾಡಿದಾಗ “ಇದರಲ್ಲಿ ಸುದ್ದಿ ಏನಿದೆ?” ಎಂದು ಕೇಳಿದ್ದರು. ಉತ್ತರ ಹೊಳೆಯದೆ ಅವಮಾನವಾದಂತೆ ಫೋನ್ ಇಟ್ಟಿದ್ದೆ. ಅವರು ಕೇಳಿದ್ದು ನ್ಯಾಯವಾಗಿತ್ತು. ನಾನು ಗಾಣ ಹಾಕಿದ್ದು ನನಗೆ ಸುದ್ದಿ, ಊರಿಗಲ್ಲ. ಮರುವರ್ಷ ಮಾರ್ಚ್‌ನಲ್ಲಿ, ಕುಸುಬೆ ಕೊಯ್ಲಿನ ಹೊತ್ತಿಗೆ, ಅರ್ಧ ಪುಟ ಬರೆದು ಕಳುಹಿಸಿದೆ: ಮುಳ್ಳಿನ ಬೆಳೆ, ಕೊಯ್ಯಲು ಆಳು ಸಿಗುವುದಿಲ್ಲ, ಅದಕ್ಕೇ ರೈತರು ಬಿತ್ತುವುದನ್ನು ಬಿಡುತ್ತಿದ್ದಾರೆ, ಬಿತ್ತಿದವರಿಂದ ನಾವು ಕೊಳ್ಳುತ್ತಿದ್ದೇವೆ. ನಮ್ಮ ಹೆಸರು ಕೊನೆಯ ಸಾಲಿನಲ್ಲಿತ್ತು. ಅವರೇ ಹೊಲಕ್ಕೆ ಬಂದರು.

ಬಂಧುವೊಬ್ಬರು ‘ಕೊಲೆಸ್ಟ್ರಾಲ್ ಇಲ್ಲ ಎಂದು ದಪ್ಪಕ್ಷರದಲ್ಲಿ ಹಾಕು, ಓಡುತ್ತದೆ’ ಎಂದರು. ಯಾವ ಕಾಳಿನ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇರುತ್ತದೆ? ಆಹಾರದ ಜಾಹೀರಾತಿಗೆ 2018ರ ನಿಯಮಗಳೂ ಇವೆ. ಹಾಕಲಿಲ್ಲ. ರಟ್ಟಿನ ಮೇಲಿನ ಆ ಒಂದು ಸಾಲನ್ನೇ ಬಾಟಲಿಯ ಚೀಟಿಯ ಮೇಲೂ ಮುದ್ರಿಸಿದ್ದೇನೆ.

ಈಗ 104 ಮನೆಗಳಾಗಿವೆ. ಹೋದ ವಾರ ಇನ್ನೊಬ್ಬ ಹುಡುಗ ವಿಡಿಯೊ ಮಾಡುತ್ತೇನೆಂದು ಫೋನ್ ಮಾಡಿದ್ದ. “ಮಾಡಪ್ಪಾ, ಮಾರ್ಚ್‌ನಲ್ಲಿ ಬಾ, ಕುಸುಬೆ ಹೊಲವನ್ನೂ ತೋರಿಸುತ್ತೇನೆ. ನಮ್ಮ ಫೋನ್ ನಂಬರ್ ಮಾತ್ರ ಹಾಕಬೇಡ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.