ಪ್ಯಾನೆಲ್ ರೂಮಿನ ತಾಮ್ರಕ್ಕೆ ಕಿಲುಬು: ನಾನು ಅಳೆಯುವ ಬಗೆ

ವಿದ್ಯುತ್ ಪ್ಯಾನೆಲ್ ರೂಮಿನ ಬಸ್‌ಬಾರ್ (ಕರೆಂಟ್ ಹಂಚುವ ತಾಮ್ರದ ಪಟ್ಟಿ) ಕಪ್ಪಾಗಿ ಕಂಡರೆ ಹೆಚ್ಚಿನವರ ಕೈ ನೇರ ಎಮರಿ ಪೇಪರ್‌ಗೆ ಹೋಗುತ್ತದೆ. ಉಜ್ಜಿದ ತಾಮ್ರ ಅದೇ ಗಾಳಿಯಲ್ಲಿ ಮತ್ತೆ ಕಪ್ಪಾಗುತ್ತದೆ, ತವರದ ಲೇಪವಿದ್ದರೆ ಅದೂ ಹೋಯಿತು. ನಾನು ಮೊದಲು ಗಾಳಿಯನ್ನು ಅಳೆಯುತ್ತೇನೆ.

ತಾಮ್ರದ್ದೊಂದು, ಬೆಳ್ಳಿಯದೊಂದು ಕೂಪನ್, ಅಂದರೆ ಪರೀಕ್ಷೆಯ ಲೋಹದ ತುಂಡು ಬೇಕು. 600 ನಂಬರ್ ಎಮರಿಯಲ್ಲಿ ತಿಕ್ಕಿ, ಅಸಿಟೋನ್‌ನಲ್ಲಿ ತೊಳೆದು, ಒಣಗಿಸಿ ತೂಗಿ, ಗಾಳಿ ಒಳಬರುವ ಕಡೆ 30 ದಿನ ತೂಗುಹಾಕುತ್ತೇನೆ. ಆಮೇಲೆ ಮತ್ತೆ ತೂಗಿದರೆ ಹೆಚ್ಚಿದ ತೂಕದಿಂದ ಪದರದ ದಪ್ಪ ಸಿಗುತ್ತದೆ. ಗಾಳಿಯ ಕೆಡಿಸುವ ಶಕ್ತಿಯನ್ನು ಮೆಟ್ಟಿಲುಗಳಾಗಿ ವಿಂಗಡಿಸುವ ಐಎಸ್‌ಎ 71.04 ಮಾನದಂಡದ ಪ್ರಕಾರ ತಿಂಗಳಿಗೆ ತಾಮ್ರದ ಮೇಲೆ 300 ಆಂಗ್‌ಸ್ಟ್ರಾಮ್‌ಗಿಂತ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ), ಬೆಳ್ಳಿಯ ಮೇಲೆ 200ಕ್ಕಿಂತ ಕಡಿಮೆ ಪದರ ಕೂತರೆ ಜಿ1, ಅತಿ ಕೆಳಗಿನ ಮೆಟ್ಟಿಲು, ಅಂದರೆ ಚಿಂತೆಯಿಲ್ಲ. ತಾಮ್ರ 2000 ದಾಟಿದರೆ ಅತಿ ಮೇಲಿನ ಮೆಟ್ಟಿಲು ಜಿಎಕ್ಸ್, ಎಲೆಕ್ಟ್ರಾನಿಕ್ಸ್ ಅಲ್ಲಿ ಬಾಳದು. ಎರಡೂ ಮುಖ ಸೇರಿ 50 ಚದರ ಸೆಂ.ಮೀ. ಇರುವ ತಾಮ್ರಕ್ಕೆ 300 ಆಂಗ್‌ಸ್ಟ್ರಾಮ್ ಸಲ್ಫೈಡ್ (ಗಂಧಕ ಸೇರಿ ಆಗುವ ಪದರ) ಸೇರಿಸುವ ತೂಕ ಸುಮಾರು 0.17 ಮಿ.ಗ್ರಾಂ. ಬೆರಳಚ್ಚೊಂದೇ ಈ ಲೆಕ್ಕ ಕೆಡಿಸಲು ಸಾಕು. ಚಿಮಟ ಬಿಟ್ಟು ಬೇರೇನೂ ತಾಗಬಾರದು, ತಕ್ಕಡಿ 0.01 ಮಿ.ಗ್ರಾಂ ತೋರಿಸಬೇಕು. ಅಂಥ ತಕ್ಕಡಿ ಇಲ್ಲದಿದ್ದರೆ ಲ್ಯಾಬಿಗೆ ಕಳಿಸಿ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕರೆಂಟ್ ಹಾಯಿಸಿ ಪದರವನ್ನು ಅಪಕರ್ಷಿಸಿದರೆ, ಅಂದರೆ ಮತ್ತೆ ಲೋಹವಾಗಿಸಿದರೆ, ಆಕ್ಸೈಡ್ ಎಷ್ಟು, ಸಲ್ಫೈಡ್ ಎಷ್ಟು ಎಂಬುದೂ ಬೇರೆಬೇರೆಯಾಗಿ ಸಿಗುತ್ತದೆ.

ಬೆಳ್ಳಿ ಕಪ್ಪಾಗಿ ತಾಮ್ರ ಅಷ್ಟಾಗಿ ಕೆಟ್ಟಿರದಿದ್ದರೆ ಒಣ ಗಾಳಿಯಲ್ಲೇ ಹೈಡ್ರೋಜನ್ ಸಲ್ಫೈಡ್ ಇದೆಯೆಂದು ಶಂಕಿಸುತ್ತೇನೆ. ಎರಡೂ ಕೆಟ್ಟಿದ್ದರೆ ಮೊದಲು ತೇವಾಂಶ ನೋಡುವುದು. ಶೇ. 50 ದಾಟಿದ ಮೇಲೆ ಪ್ರತಿ ಶೇ. 10ಕ್ಕೆ ತೀವ್ರತೆ ಒಂದು ಮೆಟ್ಟಿಲು ಏರಬಹುದು. ರಾತ್ರಿ ಎಸಿ ನಿಲ್ಲಿಸುವ ರೂಮುಗಳು ಕೆಡುವುದು ಹೀಗೆ.

ಅಮೋನಿಯಾ ಬೇರೆಯದೇ ಕಥೆ. ಶೇ. 15ಕ್ಕಿಂತ ಹೆಚ್ಚು ಸತುವಿರುವ ಹಿತ್ತಾಳೆಯ ಟರ್ಮಿನಲ್ ಬಿಗಿತದ ಒತ್ತಡದಲ್ಲಿದ್ದರೆ ಬಣ್ಣ ಹೆಚ್ಚೇನೂ ಬದಲಾಗದೆ ಸೀಳುತ್ತದೆ, ಆದ್ದರಿಂದ ಅಲ್ಲಿ ಫಾಸ್ಫರ್ ಬ್ರಾಂಜ್ (ತಾಮ್ರ-ತವರದ ಮಿಶ್ರಲೋಹ) ಹಾಕುತ್ತೇನೆ. ಗಂಧಕದ ಅನಿಲವಿರುವಲ್ಲಿ ಬೆಳ್ಳಿ ಲೇಪ ಬೇಡ, ಸಲ್ಫೈಡಿನ ಕೂದಲೆಳೆಗಳು ಬೆಳೆದು ಶಾರ್ಟ್ ಆಗುತ್ತವೆ. ಬಸ್‌ಬಾರಿಗೆ ತವರ ಸಾಕು. ಚಿನ್ನದ ಕಾಂಟ್ಯಾಕ್ಟ್‌ಗೆ ಅಡಿಯಲ್ಲಿ ನಿಕ್ಕಲ್ ಇರಲೇಬೇಕು, ಇಲ್ಲದಿದ್ದರೆ ತೆಳು ಚಿನ್ನದ ಸೂಕ್ಷ್ಮ ರಂಧ್ರಗಳಿಂದ ತಾಮ್ರದ ಸಲ್ಫೈಡ್ ಹೊರಗೆ ಹರಿದು ಹರಡುತ್ತದೆ.

ಲೇಪಕ್ಕಿಂತ ಮೊದಲು ಕೇಬಲ್ ಗ್ಲ್ಯಾಂಡ್‌ಗಳನ್ನು (ಕೇಬಲ್ ಒಳಬರುವ ಕಿಂಡಿಗಳನ್ನು) ಮುಚ್ಚಿ, ರೂಮಿನೊಳಗೆ ಸುಮಾರು 25 ಪಾಸ್ಕಲ್ ಹೆಚ್ಚು ಒತ್ತಡ ಕೊಡಿ. ಒಳಬರುವ ಗಾಳಿ, ಕೆಡಿಸುವ ಅನಿಲಗಳನ್ನು ತಡೆಯುವ ಪರ್ಮಾಂಗನೇಟ್ ಹೀರಿದ ಅಲ್ಯುಮಿನಾ ಗುಂಡುಗಳ ಮೂಲಕ ಬರಲಿ. ಗುಂಡು ನೇರಳೆಯಿಂದ ಕಂದಾದರೆ ಅದರ ಶಕ್ತಿ ಮುಗಿಯುತ್ತಾ ಬಂತು. ಮೇಲ್ಮೈ ಮಾತ್ರ ನೋಡಿ ಬದಲಿಸಬೇಡಿ, ನಾಲ್ಕಾರು ಗುಂಡು ಒಡೆದು ಒಳಗಿನ ಬಣ್ಣ ನೋಡಿ.